ಎರಡನೇ ಕೂಗಿನ ನಂತರದ ಕೆಮ್ಮು

ಮಂಡ್ಯ
18 ಜುಲೈ 2025

ಅಕ್ಕ,

ನಾನು ಫೋನು ಎತ್ತುತ್ತಿಲ್ಲ ಎಂದು ನೀನು ಕೋಪ ಮಾಡಿಕೊಂಡಿದ್ದೀಯ ಅಂತ ಚಿಕ್ಕಮಾದು ಹೇಳಿದ. ಕೋಪ ಬೇಡ. ಗಂಟಲು ಸರಿಯಿಲ್ಲ. ಇರುವ ಅಷ್ಟಿಷ್ಟು ದನಿಯನ್ನು ಮಂಡಿಗೆ ಉಳಿಸಿಕೊಳ್ಳಬೇಕು. ಬೇರೆ ಕಡೆಯೆಲ್ಲ ಕಂಪ್ಯೂಟರಿನಲ್ಲಿ ಟೆಂಡರು ಬಂದರೂ ಅಂಕಯ್ಯನವರ ಮಂಡಿಯಲ್ಲಿ ಬೆಲ್ಲದ ಹರಾಜನ್ನು ಇನ್ನೂ ಬಾಯಲ್ಲೇ ಕೂಗಬೇಕು. ಕೂಗುವವನಿಗೆ ಗಂಟಲು ಬಿಟ್ಟರೆ ಬೇರೆ ಯಾವ ಆಸ್ತಿ ಇದೆ ಹೇಳು. ಮೊಬೈಲಿನಲ್ಲಿ ಬರೆದು ಕಳಿಸೋಣವೆಂದರೆ ನಿನ್ನ ಫೋನು ಯಾವಾಗಲೂ ಚಂದನಳ ಕೈಯಲ್ಲಿರುತ್ತದೆ. ಮಾವನ ಗಂಟಲಿನ ಸುದ್ದಿ ಅವಳ ಕಾಲೇಜಿಗೆಲ್ಲ ಗೊತ್ತಾಗುವುದು ಬೇಡ. ಭಾವನ ಬೆಲ್ಲ ಹೊತ್ತು ಬಂದ ಚಿಕ್ಕಮಾದುವಿನ ಟೆಂಪೋ ಹೇಗೂ ಖಾಲಿ ಹೋಗುತ್ತದೆ, ಈ ಕಾಗದವನ್ನಾದರೂ ಹೊತ್ತುಕೊಂಡು ಹೋಗಲಿ.

ಯುಗಾದಿಯ ದಿನ ಅಪ್ಪನ ಫೋಟೋದ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡೆಯಲ್ಲ, ಅದು ಉಳಿದಿದೆ. ಸಿಗರೇಟು ಬಿಟ್ಟಿದ್ದೇನೆ. ಬೇಕಾದರೆ ನಾಗಶ್ರೀಯನ್ನು ಕೇಳು. ಕಟ್ಟಿಕೊಂಡವಳು ನನ್ನ ಪರವಾಗಿ ಸುಳ್ಳು ಹೇಳುವಷ್ಟು ಒಳ್ಳೆಯವಳಲ್ಲ. ಆದರೆ ಬಿಟ್ಟ ಮೇಲೆ ಹಗುರಾಗಬೇಕಿದ್ದ ಗಂಟಲು ಕೆರೆಯಲು ಶುರುವಾಗಿದೆ. ಭತ್ತ ಬಡಿದ ದಿನ ಮೈಗೆಲ್ಲ ಸುಂಕು ಅಂಟಿಕೊಳ್ಳುತ್ತದಲ್ಲ, ಹಾಗೆ. ನೀರು ಕುಡಿದರೆ ಇಳಿಯುವುದಿಲ್ಲ, ಕೆಮ್ಮಿದರೆ ಈಚೆಗೆ ಬರುವುದಿಲ್ಲ.

ಸಿಗರೇಟಿನ ಬದಲಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಗೌರಿ ಹಬ್ಬಕ್ಕೆ ಸೀರೆ ತೆಗೆದುಕೊಂಡು ಬಂದಾಗ ಎದುರಿಗೇ ಹೇಳುತ್ತೇನೆ. ಭಾವನಿಗೆ ನಮಸ್ಕಾರ.

ಕನಕರಾಜು

*

ಮಳವಳ್ಳಿ
24 ಜುಲೈ 2025

ಕನಕ,

ನಿನ್ನ ಕಾಗದದ ಮೇಲೆ ಅಂಗೈಯಗಲ ಎಣ್ಣೆ. ಮದ್ದೂರಿನಲ್ಲಿ ಟೆಂಪೋ ನಿಲ್ಲಿಸಿ ವಡೆ ತಿನ್ನದೆ ಚಿಕ್ಕಮಾದು ಮುಂದಕ್ಕೆ ಬರುವುದಿಲ್ಲ. ಅಕ್ಷರ ಉಳಿದಿದ್ದೇ ಪುಣ್ಯ.

ಅಪ್ಪನಿಗೂ ಮೊದಲು ಕೆರೆತವೇ ಬಂದದ್ದು. ನೀನಾಗ ಚಿಕ್ಕವನು, ನಿನಗೆ ನೆನಪಿರುವುದಿಲ್ಲ. "ಏನಿಲ್ಲ ಕಣಮ್ಮಿ, ಸುಂಕು" ಎಂದು ಅಪ್ಪನೂ ಇದೇ ಮಾತು ಹೇಳುತ್ತಿದ್ದರು. ಆಮೇಲೆ ಮುದ್ದೆ ಇಳಿಯಲಿಲ್ಲ, ಆಮೇಲೆ ಗಂಜಿ ಇಳಿಯಲಿಲ್ಲ, ಕೊನೆಗೆ ಮಾತೂ ಹೋಯಿತು. ಒಂದು ಬೀಡಿ ಕಟ್ಟು ಮಾತ್ರ ಕೊನೆಯ ತನಕ ದಿಂಬಿನ ಕೆಳಗೆ ಇತ್ತು. ನಿನ್ನ ಕಾಗದದಲ್ಲೂ ಅದೇ ಸುಂಕು ಎಂಬ ಮಾತು.

ಡಾಕ್ಟರಿಗೆ ತೋರಿಸು. ನಾಳೆ ನಾಳಿದ್ದು ಅನ್ನಬೇಡ. ಮೆಣಸು, ಶುಂಠಿ ಕುಟ್ಟಿ ಹಾಕಿ ನಿಮ್ಮ ಭಾವ ಬೇರೆಯಾಗಿ ಸಣ್ಣ ಅಚ್ಚಿಗೆ ಬೆಲ್ಲ ಹುಯ್ದಿದ್ದಾರೆ. ಕಳಿಸಿದ್ದೇನೆ. ಚೂರು ಚೂರು ಬಾಯಲ್ಲಿಟ್ಟುಕೊ, ಅಗಿಯಬೇಡ.

ನಾಗರತ್ನ

*

ಮಂಡ್ಯ
8 ಆಗಸ್ಟ್ 2025

ಅಕ್ಕ,

ಮೆಣಸಿನ ಬೆಲ್ಲ ಬಂತು. ಅರ್ಧ ನಾಗಶ್ರೀ ತಿಂದಳು, ಅವಳ ಗಂಟಲು ಈಗ ಬಹಳ ಚೆನ್ನಾಗಿದೆ.

ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗುತ್ತೇನೆ. ಎಲ್ಲದಕ್ಕೂ ಅಪ್ಪನನ್ನು ತರಬೇಡ. ನನಗೂ ನೆನಪಿದೆ. ನೆನಪಿರುವುದರಿಂದಲೇ ಡಾಕ್ಟರ ಬಾಗಿಲಿನ ತನಕ ಹೋಗಿ ವಾಪಸು ಬಂದೆ.

ಮಂಡಿಯಲ್ಲಿ ದಿನ ಕಳೆಯುವುದು ಕಷ್ಟವಾಗಿದೆ. ನೀನು ಹರಾಜು ನೋಡಿಲ್ಲ, ಹೇಳುತ್ತೇನೆ ಕೇಳು. ಒಬ್ಬ ರೈತನ ಮಾಲಿನ ಮುಂದೆ ನಿಂತು ದರ ಕೂಗುತ್ತೇನೆ. ಖರೀದಿದಾರರು ಏರಿಸುತ್ತಾ ಹೋಗುತ್ತಾರೆ. ಏರುವುದು ನಿಂತಾಗ ಒಂದು ಸಲ, ಎರಡು ಸಲ, ಮೂರು ಸಲ ಎನ್ನುತ್ತೇನೆ. ಮೂರು ಎಂದರೆ ಮುಗಿಯಿತು, ಮಾಲು ಕೊನೆಗೆ ಕೂಗಿದವನದು. ಈ ಮೂರೂ ಒಂದೇ ಓಟದಲ್ಲಿ ಬರಬೇಕು, ನಡುವೆ ತಡೆಯಬಾರದು. ನಮ್ಮ ಮಂಡಿಯ ಮರ್ಯಾದೆಯೇ ಅದು. ನನಗೀಗ ಎರಡು ಎನ್ನುವಷ್ಟರಲ್ಲಿ ಗಂಟಲು ಒಣಗಿ ಕೆಮ್ಮು ಹತ್ತುತ್ತದೆ. ಎಲ್ಲರೂ ನನ್ನ ಬಾಯಿ ನೋಡುತ್ತಾ ನಿಲ್ಲುತ್ತಾರೆ. ಕೆಮ್ಮಿ ಮುಗಿಸಿ ಮೂರು ಎನ್ನುವಾಗ ನನಗೇ ನಾಚಿಕೆ.

ಸಾಕಾಗಿದೆ ಅಕ್ಕ. ಸಂಜೆ ಮನೆಗೆ ಬಂದರೆ ನಾಗಶ್ರೀ ಹತ್ತಿರವೂ ಕೈಸನ್ನೆಯಲ್ಲೇ ಮಾತು. ಅವಳಿಗೆ ಅದೇ ಆರಾಮಾಗಿರುವ ಹಾಗೆ ಕಾಣುತ್ತದೆ.

ಹಬ್ಬಕ್ಕೆ ಬರುತ್ತೇನೆ. ಯಾವ ಬಣ್ಣದ ಸೀರೆ ಎಂದು ಚಿಕ್ಕಮಾದು ಹತ್ತಿರ ಹೇಳಿ ಕಳಿಸು.

ಕನಕರಾಜು

*

ಮಳವಳ್ಳಿ
28 ಆಗಸ್ಟ್ 2025

ಕನಕ,

ಸೀರೆ ಚೆನ್ನಾಗಿದೆ. ನಾನು ಹೇಳಿದ ಬಣ್ಣ ಬೇರೆ, ನೀನು ತಂದ ಬಣ್ಣ ಬೇರೆ, ಆದರೂ ಚೆನ್ನಾಗಿದೆ.

ಎದುರಿಗೆ ಬಂದಾಗ ಹೇಳುತ್ತೇನೆ ಎಂದವನು ಒಬ್ಬಟ್ಟು ತಿಂದು ಬಸ್ಸು ಹತ್ತಿದೆ. ನೀನು ಹೇಳದಿದ್ದರೂ ನನಗೆ ಗೊತ್ತಾಯಿತು. ಸಾರು ಚೆಲ್ಲಿಕೊಂಡ ಅಂಗಿಯನ್ನು ಒಗೆಯಲು ಹಾಕಿದಾಗ ಜೇಬಿನಲ್ಲಿ ಸಿಕ್ಕಿತು. ನೀಲಿ ಬಣ್ಣದ್ದು, ಬಾಯಿಗಿಟ್ಟು ಎಳೆಯುವ ಮೂತಿ ಇರುವುದು. ಒರೆಸಿ ಇನ್ನೊಂದು ಅಂಗಿಯ ಜೇಬಿಗೆ ಹಾಕಿದವಳು ನಾನೇ. ನೀನು ಜೇಬು ಮುಟ್ಟಿ ನೋಡಿಕೊಂಡು ನೆಮ್ಮದಿಯಾದದ್ದನ್ನೂ ಬಾಗಿಲ ಸಂದಿಯಿಂದ ನೋಡಿದೆ.

ಬೈಯುವುದಿಲ್ಲ. ಮುಚ್ಚಿಟ್ಟದ್ದಕ್ಕೆ ಬೇಜಾರಾಯಿತು, ಅಷ್ಟೆ. ನಾಚಿಕೆ ಪಡುವಂಥದ್ದು ಏನಿದೆ ಅದರಲ್ಲಿ. ನಮ್ಮ ಅಂಗನವಾಡಿಯಲ್ಲಿ ಒಂದು ಮಗುವಿನ ಹತ್ತಿರವೂ ಅಂಥದ್ದೇ ಇದೆ, ಅದೂ ನೀಲಿಯದೇ. ಅವಳಮ್ಮ ಚೀಲದಲ್ಲಿ ಹಾಕಿ ಕಳಿಸುತ್ತಾಳೆ, ಬೇಕಾದಾಗ ನಾನೇ ಎಳೆಸುತ್ತೇನೆ. ನೀನೂ ಹಿಂಜರಿಯಬೇಡ. ಮಂಡಿಯಲ್ಲಿ ಜನ ಇದ್ದಾರೆ ಅಂತ ತಡೆದುಕೊಳ್ಳಬೇಡ. ಬೇಕೆನಿಸಿದಾಗೆಲ್ಲ ಎಳೆದುಕೊ.

ನಾನೊಂದು ಹರಕೆ ಹೊತ್ತಿದ್ದೇನೆ. ಏನೆಂದು ಕೇಳಬೇಡ.

ನಾಗರತ್ನ

*

ಮಂಡ್ಯ
5 ಸೆಪ್ಟೆಂಬರ್ 2025

ಅಕ್ಕ,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀನು ಇಷ್ಟು ಸಲೀಸಾಗಿ ಒಪ್ಪುತ್ತೀಯ ಎಂದು ಗೊತ್ತಿದ್ದರೆ ಇಷ್ಟು ದಿನ ಕಳ್ಳನ ಹಾಗೆ ಓಡಾಡುತ್ತಿರಲಿಲ್ಲ. ಅಂಗನವಾಡಿ ಮಗುವಿನ ಮಾತು ಓದಿ ನಕ್ಕೆ. ಬೈಯುವುದಿಲ್ಲ ಎಂದು ಬರೆದು ಅದರ ಕೆಳಗೇ ಹೀಗೆ ಕುಟುಕುವುದು ನಿನಗೆ ಮಾತ್ರ ಬರುತ್ತದೆ. ಮಕ್ಕಳ ಆಟದ ಸಾಮಾನು ಎನ್ನುತ್ತೀಯ ತಾನೆ. ಅನ್ನು.

ನಮ್ಮ ಖರೀದಿದಾರ ರವಿಚಂದ್ರ ಬೆಂಗಳೂರಿನಿಂದ ತಂದುಕೊಡುತ್ತಾನೆ. ಇಲ್ಲಿ ಅಂಗಡಿಯಲ್ಲಿ ಇಟ್ಟು ಮಾರುವಂತಿಲ್ಲವಂತೆ, ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಮಾವಿನ ಹಣ್ಣಿನ ರುಚಿಯದು ಮುಗಿಯಿತು, ಈಗ ಪುದೀನದ್ದು. ಬೆಂಕಿಯಿಲ್ಲ, ಬೂದಿಯಿಲ್ಲ, ಬರೀ ಆವಿ. ಆದರೂ ನಿಜ ಹೇಳಬೇಕೆಂದರೆ ಸಿಗರೇಟು ಗಂಟಲನ್ನು ಸುಡುತ್ತಿತ್ತು, ಇದು ಒಣಗಿಸುತ್ತದೆ. ಸ್ವಲ್ಪ ದಿನ ಹಾಗಿರುತ್ತೆ, ಅಭ್ಯಾಸವಾಗುತ್ತೆ ಎನ್ನುತ್ತಾನೆ ಅವನು. ನೀನೇ ಹೇಳಿದ್ದೀಯಲ್ಲ, ಈಗ ತಡೆದುಕೊಳ್ಳುತ್ತಿಲ್ಲ. ಎರಡು ಮಾಲಿನ ನಡುವೆ ಗೋಡೌನಿನ ಹಿಂದಕ್ಕೆ ಹೋಗಿ ಬರುತ್ತೇನೆ. ಕೆಮ್ಮು ಮಾತ್ರ ಜಾಸ್ತಿಯೇ ಆಗಿದೆ.

ಇದರ ಮಧ್ಯೆ ಒಂದು ತಾಪತ್ರಯ. ಕೊತ್ತತ್ತಿಯ ನಿಂಗಯ್ಯ ಅಂತ ಒಬ್ಬ ಹಳೆಯ ರೈತ ಇದ್ದಾನೆ. ಅವನ ಪ್ರಕಾರ ನಾನು ಎರಡು ಸಲ ಎಂದು ಕೆಮ್ಮುವುದು ರವಿಚಂದ್ರನಿಗೆ ಮಾಡುವ ಸನ್ನೆಯಂತೆ. ಕೆಮ್ಮಿದ ಮೇಲೆ ಬೇರೆಯವರು ಏರಿಸಬಾರದು ಎಂದು ಒಳಗೊಳಗೇ ಮಾತಾಗಿದೆಯಂತೆ. ಪೇಪರಿನ ಪೊಟ್ಟಣ ಇಸಿದುಕೊಂಡದ್ದನ್ನೂ ಅವನು ನೋಡಿದ್ದಾನೆ. ಈಗ ರೈತರು ನನ್ನ ಮುಖ ನೋಡುವ ರೀತಿಯೇ ಬೇರೆಯಾಗಿದೆ. ಈ ವಯಸ್ಸಿನ ತನಕ ನನ್ನ ಕೂಗಿನ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಮುಂದಿನ ಶುಕ್ರವಾರ ಅಂಕಯ್ಯನವರು ಎಲ್ಲರನ್ನೂ ಕೂರಿಸಿ ಕೇಳುತ್ತಾರಂತೆ. ಕಳ್ಳ ಎಂದು ತೀರ್ಮಾನವಾದರೆ ಈ ಮಂಡಿ ಹೋಗಲಿ, ಜಿಲ್ಲೆಯ ಯಾವ ಮಂಡಿಯಲ್ಲೂ ನನ್ನನ್ನು ಬಾಗಿಲ ಒಳಗೆ ಬಿಡುವುದಿಲ್ಲ.

ಭಾವನ ಕಿವಿಗೆ ಬಿದ್ದಿದೆಯೇ?

ಕನಕರಾಜು

*

ಮಳವಳ್ಳಿ
11 ಸೆಪ್ಟೆಂಬರ್ 2025

ಕನಕ,

ಬಿದ್ದಿದೆ. ನಿನಗೆ ಹೇಳಬಾರದು ಅಂತಿದ್ದೆ. ಹೋದ ತಿಂಗಳು ನಿಮ್ಮ ಭಾವನ ಮಾಲಿಗೂ ನೀನು ಕೆಮ್ಮಿದೆಯಂತೆ. ಕಡಿಮೆಗೆ ಹೋಯಿತಂತೆ. ಮನೆಗೆ ಬಂದು ಉಣ್ಣದೆ ಮಲಗಿದರು. "ನಿನ್ ತಮ್ಮ ನನ್ ಮಾಲ್ಗೂ ಕೆಮ್ಬುಟ್ಟ ಕಣೆ" ಅಂದದ್ದು ಒಂದೇ ಮಾತು. ಆಮೇಲೆ ಆಲೆಮನೆಯಲ್ಲೂ ಮಾತಿಲ್ಲ, ಮನೆಯಲ್ಲೂ ಇಲ್ಲ. ನನ್ನ ತವರು ಎಂದರೆ ಈಗ ನೀನೊಬ್ಬನೇ. ನಿನ್ನ ಹೆಸರು ಕೆಟ್ಟರೆ ಈ ಮನೆಯಲ್ಲಿ ನಾನು ತಲೆಯೆತ್ತಿ ಹೇಗೆ ಓಡಾಡಲಿ?

ಅದಕ್ಕೆ ನೆನ್ನೆ ಹೇಳಿಬಿಟ್ಟೆ. ನನ್ನ ತಮ್ಮನಿಗೆ ಉಬ್ಬಸ, ಜೇಬಿನಲ್ಲಿ ಪಂಪು ಇಟ್ಟುಕೊಂಡಿದ್ದಾನೆ, ನಾನೇ ಕಣ್ಣಾರೆ ನೋಡಿದ್ದೇನೆ, ಔಷಧಿಯನ್ನು ಬೆಂಗಳೂರಿನಿಂದ ತರಿಸುತ್ತಾನೆ ಎಂದೆ. ನಿಮ್ಮ ಭಾವ, "ಮೊದ್ಲೇ ಯೋಳದಲ್ವಾ" ಅಂದರು. ಅವರ ಕಣ್ಣಲ್ಲಿ ನೀರು ಬಂತು. ನಾಳೆ ಮಾಲಿನ ಜೊತೆ ಅವರೇ ಬರುತ್ತಿದ್ದಾರೆ.

ನೀನೂ ಮುಚ್ಚಿಡಬೇಡ. ಪಂಪನ್ನು ಎಲ್ಲರ ಮುಂದೆ ತೆಗೆದು ತೋರಿಸು. ಕಾಯಿಲೆಯವನನ್ನು ಯಾರೂ ಕಳ್ಳ ಅನ್ನುವುದಿಲ್ಲ.

ನಾಗರತ್ನ

*

ಮಂಡ್ಯ
13 ಸೆಪ್ಟೆಂಬರ್ 2025

ಅಕ್ಕ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಭಾವ ನಿನ್ನೆ ನನ್ನನ್ನು ತಿರುಗಿ ನೋಡದೆ ಟೆಂಪೋ ಹತ್ತಿಬಿಟ್ಟರು. ಅವರು ನಿನಗೆ ಏನು ಹೇಳಿದರೋ ಗೊತ್ತಿಲ್ಲ. ನಡೆದದ್ದನ್ನು ನಾನು ಹೇಳುತ್ತೇನೆ.

ನಿನ್ನ ಕಾಗದ ಬೆಳಿಗ್ಗೆ ಸಿಕ್ಕಿತು. ಓದಿ ಗೋಡೌನಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ನೀನು ಏನು ನೋಡಿ ಏನು ತಿಳಿದುಕೊಂಡಿದ್ದೀಯ ಎಂದು ಆಗ ಅರ್ಥವಾಯಿತು. ಅದು ಪಂಪಲ್ಲ ಅಕ್ಕ. ನನಗೆ ಉಬ್ಬಸವಿಲ್ಲ. ಅದನ್ನು ವೇಪು ಅಂತಾರೆ. ಸಿಗರೇಟಿನ ಬದಲು ಸೇದುವುದು. ಅದರಲ್ಲೂ ಅದೇ ನಿಕೋಟಿನ್ನು. ಸಿಗರೇಟು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ, ಮುಟ್ಟಲಿಲ್ಲ, ಅಪ್ಪನ ಫೋಟೋಗೆ ಇಷ್ಟು ಸಾಕು ಎಂದುಕೊಂಡಿದ್ದೆ.

ಮಧ್ಯಾಹ್ನ ಅಂಕಯ್ಯನವರು ಎಲ್ಲರನ್ನೂ ಗೋಣಿಚೀಲದ ಮೇಲೆ ಕೂರಿಸಿದರು. ನಿಂಗಯ್ಯ ಎದ್ದು, "ಎಲ್ಡ್ ಸಲ ಅಂದ್ಬುಟ್ಟು ಕೆಮ್ತಾನೆ. ಇವ್ನು ಕೆಮ್ಮುದ್ರೆ ಮಾಲು ರವಿಚಂದ್ರಂದು. ಪೊಟ್ಣ ಇಸ್ಕೊಂಡಿದ್ನೂ ನಾನು ನೋಡಿವ್ನಿ" ಅಂದ. ರವಿಚಂದ್ರ ತಲೆ ಬಗ್ಗಿಸಿದ್ದವನು ಎತ್ತಲಿಲ್ಲ.

ಆಗ ಭಾವ ಎದ್ದರು. ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ನೋಡೇ ಇರಲಿಲ್ಲ. "ನನ್ ಮಾಲೂ ಅಂಗೇ ಓಯ್ತು ಕಣ್ರಪ್ಪ. ನಂಗೂ ಒಟ್ಟೆ ಉರೀತು. ಆದ್ರೆ ನನ್ ಭಾಮೈದ ಕಳ್ಳ ಅಲ್ಲ. ಉಬ್ಬಸ ಅವ್ನಿಗೆ. ಪೊಟ್ಣದಲ್ಲಿದ್ದುದ್ದು ಔಸ್ದಿ. ಬೇಕಾರೆ ನಾನು ಬೆಲ್ಲ ಮುಟ್ಟಿ ಯೋಳ್ತೀನಿ" ಅಂದು ಪಕ್ಕದಲ್ಲಿದ್ದ ಅಚ್ಚಿನ ಮೇಲೆ ಕೈಯಿಟ್ಟರು. ಬೆಲ್ಲ ಕಾಯಿಸುವವನು ಬೆಲ್ಲ ಮುಟ್ಟಿದ ಮೇಲೆ ಇನ್ನೇನು. ಅಂಕಯ್ಯನವರು, "ಸರಿ ಬುಡ್ರಪ್ಪ, ಕಾಯ್ಲೆ ಅಂದ್ಮೇಲೆ ಮುಗೀತು" ಅಂದರು. ಯಾರೂ ನನ್ನ ಜೇಬು ತೋರಿಸು ಅನ್ನಲಿಲ್ಲ. ನಾನು ಉಳಿದುಕೊಂಡಿದ್ದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಕೂತೂ ಇದ್ದೆ.

ಆದರೆ ನಿಂಗಯ್ಯ ನನ್ನ ಹತ್ತಿರ ಬಂದ. ಪಂಚೆಯ ಸೊಂಟದಿಂದ ತನ್ನದೊಂದು ಪಂಪು ತೆಗೆದ. ಅದರ ಬಣ್ಣವೆಲ್ಲ ಸವೆದಿತ್ತು. "ತಪ್ಪಾಯ್ತು ಕಣಪ್ಪ. ನಂಗೂ ಇದೇ ಬಾಧೆ. ಎಲ್ರ ಮುಂದೆ ತೆಗ್ಯಕ್ಕೆ ನಾಚ್ಕೆ ಆಯ್ತದೆ. ನಿಂಗೂ ಅಂಗೇ ಆಗಿರ್ಬೇಕು. ಇಬ್ರೂ ಒಟ್ಗೇ ಎಳ್ಕೊಳವಾ ಬಾ, ನಾಚ್ಕೆ ಓಯ್ತದೆ" ಅಂದ.

ಅವನ ಮುಖ ನೋಡಿ ನನ್ನ ಕೈಯಲ್ಲಿ ಆಗಲಿಲ್ಲ. "ನಿಂಗಯ್ಯಣ್ಣ, ನಂಗೆ ಕಾಯ್ಲೆ ಇಲ್ಲ. ಇದು ಸೇದೋ ಸಾಮಾನು" ಎಂದು ಜೇಬಿನಿಂದ ತೆಗೆದೆ. ಎಲ್ಲರ ಮುಂದೆ ಒಂದು ಸಲ ಎಳೆದೆ. ಪುದೀನದ ವಾಸನೆ ಮಂಡಿಯೆಲ್ಲ ಹರಡಿತು. ಆಮೇಲೆ ಅದೇ ಕೆಮ್ಮು ಬಂತು, ಎರಡನೇ ಕೂಗಿನ ಮೇಲೆ ಬರುವಂಥದ್ದೇ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ರವಿಚಂದ್ರನೂ ಎದ್ದು, ಪೊಟ್ಟಣದಲ್ಲಿ ಕೊಟ್ಟದ್ದು ಇದನ್ನೇ ಎಂದು ಒಪ್ಪಿಕೊಂಡ.

ಯಾರೂ ನಗಲಿಲ್ಲ. ನಿಂಗಯ್ಯ ತನ್ನ ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾವು ಕಾಸ್ ಕೊಟ್ಟು ಕೆಮ್ಮು ಕಳ್ಕೋತೀವಿ, ನೀನು ಕಾಸ್ ಕೊಟ್ಟು ತಗತೀಯಲ್ಲೋ" ಅಂದ. ಕಳ್ಳ ಎಂಬ ಮಾತು ಅಲ್ಲಿಗೆ ಹೋಯಿತು. ಗಂಟಲು ಸರಿಯಾಗುವ ತನಕ ಕೂಗಬೇಡ, ಮಾಲು ಇಳಿಸುವ ಕಡೆ ನಿಂತುಕೊ ಎಂದರು ಅಂಕಯ್ಯನವರು. ನನ್ನ ಜಾಗದಲ್ಲಿ ಬೇರೆಯವನು ಕೂಗುತ್ತಾನೆ.

ಭಾವ ಮಾತ್ರ ಬೆಲ್ಲದ ಮೇಲಿನ ಕೈಯನ್ನು ತೆಗೆಯದೆ ಹಾಗೇ ನಿಂತಿದ್ದರು. ನನಗೋಸ್ಕರ ಸುಳ್ಳಿನ ಮೇಲೆ ಆಣೆ ಇಟ್ಟ ಹಾಗಾಯಿತು ಅವರಿಗೆ. ಒಂದು ಕೆಟ್ಟ ಮಾತು ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ನಿನ್ನನ್ನು ಏನೆಂದು ಕೇಳಿಕೊಳ್ಳಲಿ.

ಕನಕರಾಜು

*

ಮಳವಳ್ಳಿ
18 ಸೆಪ್ಟೆಂಬರ್ 2025

ಕನಕರಾಜುವಿಗೆ,

ಕಾಗದ ಬಂತು. ಅದಕ್ಕೆ ಮೊದಲೇ ನಿಮ್ಮ ಭಾವ ಬಂದರು. "ಪಂಪಲ್ವಂತೆ" ಅಂದು ಕೈ ತೊಳೆಯಲು ಹೋದವರು ಬಹಳ ಹೊತ್ತು ತೊಳೆದರು.

ನಾನು ಇಪ್ಪತ್ತು ಮಕ್ಕಳಿಗೆ ಅಕ್ಷರ ಹೇಳಿಕೊಡುವವಳು. ಯಾವುದು ಔಷಧಿ, ಯಾವುದು ಚಟ ಅಂತ ತಿಳಿಯಲಿಲ್ಲ. ಮಾವಿನ ಹಣ್ಣಿನ ರುಚಿ ಅಂತ ನೀನು ಬರೆದಾಗಲೂ ಮಕ್ಕಳ ಔಷಧಿಯ ಹಾಗೆ ಇರಬೇಕು ಅಂದುಕೊಂಡೆ. ಎಳೆದುಕೊ ಎಳೆದುಕೊ ಎಂದು ನಾನೇ ಬರೆದೆ. ನನ್ನ ಮಾತು ಕೇಳಿ ನೀನು ಇನ್ನಷ್ಟು ಎಳೆದೆ. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ನಿನ್ನ ಮೇಲೆ ಸಿಟ್ಟು ಇದೆ. ಅದನ್ನು ಕಾಗದದಲ್ಲಿ ಬರೆಯುವಷ್ಟು ಶಕ್ತಿ ಇಲ್ಲ.

ಭಾನುವಾರ ಅಮಾವಾಸ್ಯೆ, ಅಪ್ಪನಿಗೆ ಎಡೆ ಇಡಬೇಕು. ಈ ಸಲ ನಾನು ಬರುವುದಿಲ್ಲ. ಮಾಂಸದ ಸಾರು, ಮುದ್ದೆ, ಅಪ್ಪನಿಗೆ ಇಷ್ಟವಾದದ್ದೆಲ್ಲ ನಾಗಶ್ರೀ ಮಾಡುತ್ತಾಳೆ. ಒಂದು ಮಾತು ಮಾತ್ರ ನಡೆಸಿಕೊಡು. ಪ್ರತಿ ವರ್ಷ ನೀನು ಬೀಡಿ ಹಚ್ಚಿ ಒಂದು ಜುರಿಕೆ ಎಳೆದು ಎಡೆಯ ಪಕ್ಕ ಇಡುತ್ತೀಯಲ್ಲ, ಈ ಸಲ ಇಡಬೇಡ. ಸತ್ತ ಮೇಲಾದರೂ ಅವರ ಗಂಟಲಿಗೆ ಬಿಡುವು ಸಿಗಲಿ.

ನಾಗರತ್ನ

*

ಮಂಡ್ಯ
22 ಸೆಪ್ಟೆಂಬರ್ 2025

ಅಕ್ಕ,

ಬೀಡಿ ಇಡಲಿಲ್ಲ. ಬಾಳೆ ಎಲೆಯ ಬಲಗಡೆ ಆ ಜಾಗವನ್ನು ಖಾಲಿ ಬಿಟ್ಟೆ. ಅಪ್ಪ ಬಂದು ಹುಡುಕಿದರೇನೋ. ಜೇಬಿನಲ್ಲಿದ್ದದ್ದನ್ನು ಅಲ್ಲಿಟ್ಟು ಕೈ ಮುಗಿದುಬಿಡೋಣ ಎಂದುಕೊಂಡಿದ್ದೆ. ಆದರೆ ಎಡೆಗೆ ಇಟ್ಟದ್ದನ್ನು ಆಮೇಲೆ ಮನೆಯವರೇ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ಅಪ್ಪನ ಹೆಸರಿನಲ್ಲಿ ಅದು ಮತ್ತೆ ನನ್ನ ಕೈಗೇ ಬರುತ್ತಿತ್ತು. ಅದಕ್ಕೇ ಶನಿವಾರವೇ ಡಾಕ್ಟರ ಮೇಜಿನ ಮೇಲೆ ಇಟ್ಟು ಬಂದೆ.

ಹೌದು, ಹೋದೆ. ಮೂಗಿನಿಂದ ನಳಿಕೆ ಬಿಟ್ಟು ನೋಡಿದರು. ಗಂಟು ಇಲ್ಲವಂತೆ. ಒಳಗೆಲ್ಲ ಕೆಂಪಾಗಿ ಊದಿದೆಯಂತೆ, ಒಣಗಿದೆಯಂತೆ. ಹೊಗೆಯೂ ಬೇಡ, ಆವಿಯೂ ಬೇಡ, ಕೂಗುವುದಂತೂ ಬೇಡವೇ ಬೇಡ ಅಂದರು. ಮತ್ತೆ ಬಂದು ತೋರಿಸಬೇಕು. ಕೂಗುವ ದನಿ ಮೊದಲಿನ ಹಾಗೆ ಬರುತ್ತದೆಯೇ ಎಂದು ಕೇಳಿದೆ, ನೋಡೋಣ ಅಂದರು.

ನೀನು ಬರುವುದಿಲ್ಲ ಎಂದಿದ್ದೆ. ಆದರೆ ಎಡೆಯ ಹೊತ್ತಿಗೆ ಭಾವ ಬಂದರು. ನೀನು ಕಳಿಸಿದ್ದೋ, ಅವರೇ ಬಂದದ್ದೋ ಗೊತ್ತಾಗಲಿಲ್ಲ. ಅಪ್ಪನ ಫೋಟೋಗೆ ಕೈಮುಗಿದು ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಉಂಡರು. ಕೈ ತೊಳೆದ ಮೇಲೆ ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಮೆಣಸಿನ ಬೆಲ್ಲ. "ನಾಗಶ್ರೀಗೆ ಕೊಡಬ್ಯಾಡ, ನೀನೇ ತಿನ್ನು" ಅಂದರು. ಅಷ್ಟೇ ಮಾತು. ಹೊರಟ ಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತೆ.

ಬಿಟ್ಟದ್ದು ಸುಲಭವಾಗಿಲ್ಲ. ಕೈ ಜೇಬಿಗೆ ತಾನಾಗೇ ಹೋಗುತ್ತದೆ. ಮಂಡಿಯಲ್ಲಿ ಇನ್ನೊಬ್ಬ ಕೂಗುವುದನ್ನು ಕೇಳುತ್ತಾ ಚೀಲ ಇಳಿಸುವುದು ಅದಕ್ಕಿಂತ ಕಷ್ಟ. ಅವನ ಮೂರೂ ಕೂಗು ಒಂದೇ ಓಟದಲ್ಲಿ ಬರುತ್ತವೆ. ಸುಸ್ತಾಗಿದ್ದೇನೆ ಅಕ್ಕ. ನೀನು ಎರಡು ಸಾಲು ಬರೆದರೆ ಸಾಕು.

ಕನಕರಾಜು

*

ಮಳವಳ್ಳಿ
25 ಸೆಪ್ಟೆಂಬರ್ 2025

ಕನಕ,

ನಾನು ಕಳಿಸಲಿಲ್ಲ. ಬೆಳಿಗ್ಗೆ ಎದ್ದು ತಾವೇ ಮೆಣಸು ಕುಟ್ಟುತ್ತಾ ಕೂತಿದ್ದರು. ಎಲ್ಲಿಗೆ ಅಂದರೆ, "ಮಾವ್ನ ಎಡೆಗೆ ಓಯ್ತೀನಿ" ಅಂದರು.

ಗಂಟು ಇಲ್ಲ ಎಂಬ ಸಾಲನ್ನು ಚಂದನಳ ಕೈಲಿ ಓದಿಸಿ ಕೇಳಿದೆ, ನನ್ನ ಕಣ್ಣನ್ನು ನಾನೇ ನಂಬಲಾರದೆ. ಒಮ್ಮೆ ಮೋಸ ಹೋದ ಕಣ್ಣು ನೋಡು.

ಹರಕೆ ಏನು ಅಂತ ಈಗ ಹೇಳುತ್ತೇನೆ. ನಿನ್ನ ಗಂಟಲು ಸರಿಹೋಗುವ ತನಕ ಬಾಡು ಮುಟ್ಟುವುದಿಲ್ಲ ಎಂದು ಗೌರಿ ಹಬ್ಬದ ದಿನ ಹೊತ್ತೆ. ಎಡೆಗೆ ಬರದಿದ್ದದ್ದು ಸಿಟ್ಟಿಗಷ್ಟೇ ಅಲ್ಲ. ಬಂದಿದ್ದರೆ ಅಪ್ಪನ ಎಡೆಯ ಸಾರನ್ನು ಉಣ್ಣದೆ ಏಳಬೇಕಾಗುತ್ತಿತ್ತು, ನೀನು ಯಾಕೆ ಅಂತ ಕೇಳುತ್ತಿದ್ದೆ. ಉಬ್ಬಸವೇ ಇಲ್ಲವಲ್ಲ, ಇನ್ನು ಹರಕೆ ಬಿಟ್ಟುಬಿಡು ಅಂತ ಪಕ್ಕದ ಮನೆಯವಳು ಹೇಳಿದಳು. ಬಿಡುವುದಿಲ್ಲ. ಯಾವ ಕಾಯಿಲೆ ಎಂದು ನಾನು ದೇವರ ಹತ್ತಿರ ಹೇಳಿರಲಿಲ್ಲ, ಗಂಟಲು ಎಂದಷ್ಟೇ ಹೇಳಿದ್ದೆ.

ಕೂಗುವ ದನಿ ಬರದಿದ್ದರೆ ಹೋಗಲಿ. ಚೀಲ ಇಳಿಸಿ ಬದುಕುವವರು ಮನುಷ್ಯರಲ್ಲವೇ. ಕೈ ಜೇಬಿಗೆ ಹೋದಾಗೆಲ್ಲ ಕಾಗದ ಬರಿ, ಎಣ್ಣೆ ಮೆತ್ತಿಕೊಂಡೇ ಬರಲಿ, ಓದುತ್ತೇನೆ.

ಸಂಜೆ ಒಂದು ಫೋನು ಮಾಡು. ಚಂದನಳ ಕೈಯಿಂದ ಫೋನು ಇಸಿದುಕೊಂಡು ಕಾದಿರುತ್ತೇನೆ. ನೀನು ಏನೂ ಮಾತಾಡಬೇಡ. ಕೆಮ್ಮದೆ ಉಸಿರಾಡುವುದು ಕೇಳಿಸಿದರೆ ಸಾಕು, ಇಟ್ಟುಬಿಡುತ್ತೇನೆ.

ನಾಗರತ್ನ